ಆದಿಲಕ್ಷ್ಮಮ್ಮನಿಗಿಂತ ಒಂದು ಚುಕ್ಕಿ ಹೆಚ್ಚು

ಹೊಸೂರಿನ ಬಾಗಲೂರು ರಸ್ತೆಯಲ್ಲಿ, ಮೊಬೈಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶಶಿಕಲಾ ಟ್ಯಾಟೂ ಹಾಕುತ್ತಿದ್ದಳು. ಬರುವವರಲ್ಲಿ ಮುಕ್ಕಾಲು ಪಾಲು ಫ್ಯಾಕ್ಟರಿಯ ಹುಡುಗ ಹುಡುಗಿಯರು. ಹೆಸರು ಬರೆಸಲು ಬರುವವರು ಅರ್ಧ, ಬರೆಸಿದ ಹೆಸರನ್ನು ಮುಚ್ಚಿಸಲು ಬರುವವರು ಇನ್ನರ್ಧ. ಹೆಸರು ಉದ್ದವಾಗಿದ್ದರೆ ಅದರ ಮೇಲೊಂದು ಗರಿ, ಗಿಡ್ಡವಾಗಿದ್ದರೆ ಗುಲಾಬಿ. ಸುರೇಂದ್ರನೆಂಬ ವೆಲ್ಡರ್ ಒಬ್ಬ ಎರಡು ವರ್ಷದಲ್ಲಿ ಮೂರು ಗುಲಾಬಿ ಹಾಕಿಸಿಕೊಂಡಿದ್ದ.

"ಅಕ್ಕಾ, ಇನ್ ಕೈಯಾಗೆ ಜಾಗಾನೇ ಇಲ್ಲ" ಎಂದು ಅವನೇ ನಗುತ್ತಿದ್ದ.

"ಹಂಗಾದ್ರೆ ಮದ್ವೆ ಆಗ್ಬುಡಪ್ಪ. ನನಗೂ ಗುಲಾಬಿ ಬರ್ದೂ ಬರ್ದೂ ಸಾಕಾಗೈತೆ."

ಕುರ್ಚಿಯಲ್ಲಿ ಕೂತವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. ತಮಿಳಿನವರು "ವಲಿಕ್ಕುಮಾ?" ಎನ್ನುವರು, ಕನ್ನಡದವರು "ನೋಯ್ತದಾ?" ಎನ್ನುವರು. ನೋಯುತ್ತದೆ ಎಂದು ಶಶಿಕಲಾ ಅವರವರ ಭಾಷೆಯಲ್ಲಿ ಹೇಳುತ್ತಿದ್ದಳು. ಸುಳ್ಳು ಹೇಳಿದರೆ ಮೊದಲ ಗೆರೆಗೇ ಕೈ ಎಳೆದುಕೊಳ್ಳುತ್ತಾರೆ, ಗೆರೆ ಕೆಡುತ್ತದೆ. ಈ ಕೆಲಸದಲ್ಲಿ ಅವಳು ಪಾಲಿಸುತ್ತಿದ್ದ ನಿಯಮಗಳು ಕೆಲವೇ. ಸೂಜಿ ಹೊಸದಿರಬೇಕು, ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಖಾಲಿ ಮಾಡಿಕೊಳ್ಳಬೇಕು, ನೋವಿನ ಬಗ್ಗೆ ನಿಜ ಹೇಳಬೇಕು.

ಭಾನುವಾರ ಅಂಗಡಿಗೆ ಬೀಗ. ಅವತ್ತು ಸ್ಕೂಟರ್ ಹತ್ತಿ ಹಳ್ಳಿ ಸುತ್ತುವುದು. ತೊರಪಲ್ಲಿ, ಸಾನಮಾವು, ಬಸ್ಸು ಸರಿಯಾಗಿ ಸಿಗದ ಅಂಚೆಟ್ಟಿ ಕಡೆಯ ಊರುಗಳು. ಜಗಲಿಯಲ್ಲಿ ಕೂತ ಮುದುಕಿಯರ ಕೈ ಹಿಡಿದು, ಜೋಲುಬಿದ್ದ ಚರ್ಮವನ್ನು ಹೆಬ್ಬೆರಳಿನಿಂದ ಎಳೆದು, ಮೇಲೆ ಬಟರ್ ಪೇಪರ್ ಇಟ್ಟು ಅವರ ಹಚ್ಚೆಯ ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ತೆಗೆದುಕೊಳ್ಳುತ್ತಿದ್ದಳು. ಅರವತ್ತು ಎಪ್ಪತ್ತು ವರ್ಷದ ಹಿಂದೆ ಕೊರವಂಜಿಯರು ಹಾಕಿಹೋದ ಹಚ್ಚೆ. ಕಪ್ಪು ಹಸಿರಾಗಿ, ಗೆರೆ ದಪ್ಪವಾಗಿ, ಚೇಳಿಗೂ ತಾವರೆಗೂ ವ್ಯತ್ಯಾಸ ಕಾಣದಂತೆ ಹರಡಿರುತ್ತಿತ್ತು. "ಈ ಸುಟ್ಟ ಕೈಯಾಗೆ ಏನು ನೋಡ್ತೀಯಮ್ಮಣ್ಣಿ, ಬಳೆ ಮಾರೋಳಾ ನೀನು?" ಎಂದು ಮುದುಕಿಯರು ರೇಗಿಸುವರು. ಅವಳ ದಪ್ಪ ನೋಟ್‌ಬುಕ್ಕಿನಲ್ಲಿ ನೂರೆಂಬತ್ತು ಕೈಗಳಿದ್ದವು. ಅದರಲ್ಲಿ ಅವಳ ಸ್ವಂತ ಅಜ್ಜಿಯ ಕೈ ಇರಲಿಲ್ಲ. ಅಜ್ಜಿಗೆ ಹಚ್ಚೆಯೇ ಇರಲಿಲ್ಲ.

ಅಜ್ಜಿ ಮುನಿಗಂಗಮ್ಮ ಸಾನಮಾವಿನ ಕಾಡಂಚಿನ ಊರಿನವಳು. ಶಶಿಕಲಾ ಬೆಳೆದದ್ದೂ ಅವಳ ಮಡಿಲಲ್ಲೇ. ಅಪ್ಪ ಬೇರೆ ಸಂಸಾರ ಹೂಡಿದ ಮೇಲೆ ಅಮ್ಮ ಸರಳಾ ಮಗಳನ್ನು ಕರೆದುಕೊಂಡು ತವರಿಗೆ ಬಂದು, ಅಣ್ಣ ಕೆಂಪರಾಜುವಿನ ಮನೆಯಲ್ಲಿ ನಿಂತುಬಿಟ್ಟಿದ್ದಳು. ಅಜ್ಜಿಗೆ ಒಂಬತ್ತು ವರ್ಷವಿದ್ದಾಗ ಕೊರವಂಜಿ ಬಂದು ಮೊದಲು ತಂಗಿ ಆದಿಲಕ್ಷ್ಮಮ್ಮನನ್ನು ಕೂರಿಸಿಕೊಂಡಳಂತೆ. ತಂಗಿ ಕಿರುಚಿದ್ದು ಕೇಳಿ ಅಕ್ಕ ಓಡಿಹೋಗಿ ಲಾಂಟಾನ ಪೊದೆಯಲ್ಲಿ ಕೂತವಳು ಸಂಜೆಯವರೆಗೆ ಹೊರಗೆ ಬರಲಿಲ್ಲವಂತೆ. ಮಾರನೇ ವರ್ಷ ಕೊರವಂಜಿ ಬರಲಿಲ್ಲ. ಆಮೇಲೂ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಗೆಯ ಕತೆ. ಆದರೆ ಹಚ್ಚೆಯಿಲ್ಲದ ಕೈಯಿಂದ ಹಿರಿಯರಿಗೆ ಎಡೆ ಇಡಬಾರದೆಂದು ಮದುವೆಯಾದ ಮೇಲೆ ಅತ್ತೆ ಹೇಳಿದಳು. ಅತ್ತೆ ಸತ್ತ ಮೇಲೆ ಅದನ್ನೇ ಊರಿನ ಹೆಂಗಸರು ಹೇಳಿದರು. ಅಕ್ಕ ತಂಗಿಯರಿಬ್ಬರನ್ನೂ ಒಂದೇ ಊರಿಗೆ, ಅಣ್ಣತಮ್ಮಂದಿರಿಗೇ ಕೊಟ್ಟಿದ್ದರಿಂದ ಪ್ರತಿ ವರ್ಷವೂ ಎಡೆ ಇಟ್ಟವಳು ಆದಿಲಕ್ಷ್ಮಮ್ಮ. ಅಕ್ಕ ಹಿಂದೆ ನಿಂತು ಚೆಂಬು ಹಿಡಿದುಕೊಂಡಿರುತ್ತಿದ್ದಳು. ಜೊತೆಗೆ ಇನ್ನೊಂದು ನಂಬಿಕೆ. ಸತ್ತಾಗ ಮೂಗಿನ ನತ್ತೂ ಬಿಚ್ಚುತ್ತಾರೆ, ಹಚ್ಚೆ ಮಾತ್ರ ಮೈಯೊಂದಿಗೆ ಬರುತ್ತದೆ, ಅದಿಲ್ಲದವಳನ್ನು ಮೇಲೆ ಯಾರೂ ಗುರುತು ಹಿಡಿಯುವುದಿಲ್ಲ. ಆದಿಲಕ್ಷ್ಮಮ್ಮ ಜಗಳ ಬಂದಾಗಲೆಲ್ಲ ಎಡಗೈ ಮುಂದೆ ಚಾಚಿ ತನ್ನ ತುಳಸಿಕಟ್ಟೆ, ತೊಟ್ಟಿಲು, ಸುತ್ತಲಿನ ಹದಿನಾರು ಚುಕ್ಕಿ ತೋರಿಸಿ, "ನಂದು ನನ್ ಜೊತೆ ಬತ್ತದೆ. ನಿಂದೇನೈತೆ?" ಎನ್ನುವಳು.

ಎಪ್ಪತ್ತೆಂಟನೇ ವಯಸ್ಸಿನಲ್ಲಿ ಅಜ್ಜಿಗೆ ರಕ್ತದ ಕಾಯಿಲೆ ಬಂತು. ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲ, ಬಳೆ ತಗುಲಿದರೂ ಮೈ ನೀಲಿಗಟ್ಟುತ್ತಿತ್ತು. ಬೆಂಗಳೂರಿನ ಆಸ್ಪತ್ರೆಯವರು ಎರಡು ಸಲ ರಕ್ತ ಕೊಟ್ಟು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಎರಡು ಮೂರು ವಾರ ಎಂದರು. ಹೊರಡುವ ಮೊದಲು ಅಜ್ಜಿ ಮೊಮ್ಮಗಳ ಕೈ ಹಿಡಿದು ಕೇಳಿದಳು.

"ಊರೋರ ಮುದುಕೀರ ಕೈಯೆಲ್ಲಾ ನೋಡಿದ್ದೀಯ. ನನ್ ಕೈಗೆ ಒಂದು ಹಾಕು ಕಣೇ."

ಶಶಿಕಲಾ ಡಾಕ್ಟರನ್ನು ಕೇಳಿದಳು. ಆತ ಫೈಲಿನಿಂದ ತಲೆ ಎತ್ತಿ, "ಇವತ್ತೇ ಸಾಯಿಸಬೇಕು ಅಂತಿದ್ದರೆ ಹಾಕಿ" ಎಂದ.

"ಸಾಯೋಳಿಗೆ ಸಾಯ್ತೀಯ ಅಂತ ಹೆದರಿಸ್ತಾನಲ್ಲ, ಅವನೆಂಥ ಡಾಕ್ಟ್ರು!" ಎಂದು ಅಜ್ಜಿ ದಾರಿಯುದ್ದಕ್ಕೂ ಬೈದಳು.

ಶಶಿಕಲಾ ಎರಡು ರಾತ್ರಿ ಯೋಚಿಸಿ ಒಂದು ಉಪಾಯ ಮಾಡಿದಳು. ಸೂಜಿಗೆ ಹೆದರುವವರಿಗೆಂದು ಅಂಗಡಿಯಲ್ಲಿ ಒಂದು ಜೆಲ್ ಇಟ್ಟಿದ್ದಳು. ಯಾವುದೋ ಕಾಡುಹಣ್ಣಿನ ರಸದ್ದು. ಹಚ್ಚಿ ಎರಡು ಗಂಟೆ ಬಿಟ್ಟು ತೊಳೆದರೆ ಮಾರನೇ ದಿನ ಕಪ್ಪಾಗಿ ಏಳುತ್ತದೆ, ನೋಡಲು ಟ್ಯಾಟೂ ಥರವೇ ಇರುತ್ತದೆ, ಹತ್ತು ಹದಿನೈದು ದಿನಕ್ಕೆ ಮಾಸುತ್ತದೆ. ಅಜ್ಜಿಗೆ ಉಳಿದಿರುವುದೇ ಎರಡು ಮೂರು ವಾರ. ಲೆಕ್ಕ ಸರಿಯಾಗಿತ್ತು.

ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಕೆಲಸ ನಡೆಯಿತು. ಆದಿಲಕ್ಷ್ಮಮ್ಮ ಎದುರಿಗೇ ಕಾಲು ಚಾಚಿ ಕೂತಳು.

"ಏನ್ ಹಾಕ್ಲಿ ಅಜ್ಜಿ?"

"ಇವಳದೇ ಹಾಕು. ತುಳಸಿಕಟ್ಟೆ, ತೊಟ್ಟಿಲು. ಚುಕ್ಕಿ ಮಾತ್ರ ಒಂದು ಜಾಸ್ತಿ ಇರ್ಲಿ."

"ಅಯ್ಯೋ ನಿನ್ ಹೊಟ್ಟೆಕಿಚ್ಚಿಗೆ ಬೆಂಕಿ ಬೀಳ" ಎಂದಳು ಆದಿಲಕ್ಷ್ಮಮ್ಮ.

ಅಜ್ಜಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಎಡಗೈ ಚಾಚಿದಳು. ಶಶಿಕಲಾ ಸೂಜಿಯಿಲ್ಲದ ಮೆಷಿನ್ನನ್ನು ಆನ್ ಮಾಡಿ ಚರ್ಮದ ಮೇಲೆ ಓಡಿಸಿದಳು. ಬರೀ ಗುಂಯ್ ಎನ್ನುವ ಶಬ್ದ, ನಡುಕ. ಐದು ನಿಮಿಷವಾದ ಮೇಲೆ ಅಜ್ಜಿ ಒಂದು ಕಣ್ಣು ತೆರೆದಳು.

"ನೋಯ್ತಾನೇ ಇಲ್ವಲ್ಲೇ?"

"ಈಗ ಮರಗಟ್ಟಿಸೋ ಔಷಧಿ ಬಂದೈತೆ ಅಜ್ಜಿ."

"ಇಷ್ಟಕ್ಕಾ ನಾನು ಅವತ್ತು ಓಡಿದ್ದು?" ಎಂದಳು ಅಜ್ಜಿ. ಬಾಯಿಂದ ಸೆರಗು ಜಾರಿತು. ನೋವಿಗೆಂದು ಅವಳು ಸಿದ್ಧವಾಗಿ ಕೂತಿದ್ದಳು. ಅದು ಬರದೇ ಹೋದದ್ದಕ್ಕೆ ಮುಖ ಸ್ವಲ್ಪ ಇಳಿಯಿತು.

"ನಮ್ಮ ಕಾಲದ್ದು ನೋವು ಕಣಕ್ಕ. ಇದೇನಿದು, ಕ್ಷೌರದ ಮೆಷಿನ್ನು" ಎಂದು ಆದಿಲಕ್ಷ್ಮಮ್ಮ ಎದ್ದುಹೋದಳು.

ಮೇಲೆ ಔಷಧಿ ಹಚ್ಚುತ್ತೇನೆ ಎಂದು ಹೇಳಿ ಶಶಿಕಲಾ ಜೆಲ್ಲಿನಲ್ಲಿ ಚಿತ್ರ ಬರೆದಳು. ಹದಿನೇಳು ಚುಕ್ಕಿ ಇಟ್ಟಳು. ಸೋಮವಾರ ಬೆಳಗ್ಗೆ ಅಮ್ಮ ಫೋನ್ ಮಾಡಿ, ಅಜ್ಜಿ ಹಾಲಿನವನಿಗೂ ಕೈ ತೋರಿಸಿದಳು ಎಂದಳು. ಬೆನ್ನಿಗೇ ಬಂದ ಅಮಾವಾಸ್ಯೆಗೆ ಅಜ್ಜಿ ಮೊದಲ ಸಲ ತನ್ನ ಕೈಯಿಂದ ಹಿರಿಯರಿಗೆ ಎಡೆ ಇಟ್ಟಳು. ಆದಿಲಕ್ಷ್ಮಮ್ಮ ಗೊಣಗುತ್ತಲೇ ಹಿಂದೆ ನಿಂತು ಚೆಂಬು ಹಿಡಿದಳು.

ಲೆಕ್ಕ ತಪ್ಪಿದ್ದು ಆಮೇಲೆ. ಮೂರು ವಾರ ಕಳೆಯಿತು, ಅಜ್ಜಿ ಸಾಯಲಿಲ್ಲ. ತಿಂಗಳಾಯಿತು, ಎರಡು ತಿಂಗಳಾಯಿತು. ಮುದಿ ಚರ್ಮದ ಮೇಲೆ ಜೆಲ್ ಎಂಟೇ ದಿನಕ್ಕೆ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಹೊಸ ಹಚ್ಚೆ ಮೈಗೆ ಕೂರುವವರೆಗೂ ಔಷಧಿ ಹಚ್ಚುತ್ತಿರಬೇಕೆಂದು ಹೇಳಿ ಶಶಿಕಲಾ ಪ್ರತಿ ಭಾನುವಾರ ಬಂದು ಅದನ್ನೇ ತಿದ್ದಿದಳು. ಕಾಡಿನ ದಾರಿಯಲ್ಲಿ ಆನೆ ದಾಟುತ್ತಿದ್ದರೆ ಗಂಟೆಗಟ್ಟಲೆ ಕಾದು ಬಂದಳು. ಹಳ್ಳಿ ಸುತ್ತುವುದು ನಿಂತುಹೋಯಿತು. ನೋಟ್‌ಬುಕ್ಕು ನೂರೆಂಬತ್ತರಲ್ಲೇ ನಿಂತಿತು. ಇನ್ನೆಷ್ಟು ಭಾನುವಾರ ಎಂಬ ಯೋಚನೆ ಅವಳಿಗೆ ಬರುತ್ತಿತ್ತು. ಬಂದಾಗ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಆದರೂ ಬರುತ್ತಿತ್ತು.

ನಾಲ್ಕನೇ ತಿಂಗಳಲ್ಲಿ ಅಂಚೆಟ್ಟಿಯಾಚೆಯ ಒಂದು ಊರಿನಿಂದ ಸುದ್ದಿ ಬಂತು. ಅಲ್ಲೊಬ್ಬ ಮುದುಕಿಗೆ ಮೊಣಕೈಯಿಂದ ಬೆರಳಿನವರೆಗೆ ಹಚ್ಚೆ ಇದೆ, ಹಾಸಿಗೆ ಹಿಡಿದಿದ್ದಾಳೆ, ಇವತ್ತೋ ನಾಳೆಯೋ. ಶಶಿಕಲಾ ಆ ಭಾನುವಾರ ಅಲ್ಲಿಗೆ ಹೋದಳು. ಸ್ಕೂಟರ್ ಹೋಗದ ದಾರಿಯಲ್ಲಿ ಆರು ಕಿಲೋಮೀಟರ್ ನಡೆದಳು. ಅಂಥ ಕೈಯನ್ನು ಅವಳು ಎಲ್ಲೂ ನೋಡಿರಲಿಲ್ಲ. ಇಡೀ ದಿನ ಕೂತು ತೆಗೆದುಕೊಂಡಳು, ಸಂತೋಷವಾಗಿದ್ದಳು. ಅದರ ಮುಂದಿನ ಭಾನುವಾರ ಒಂದೇ ಹಾಸ್ಟೆಲಿನ ಆರು ಹುಡುಗಿಯರು ಒಟ್ಟಿಗೆ ಬರುತ್ತೇವೆಂದಿದ್ದರು, ಅಂಗಡಿ ತೆರೆದಳು.

ಬುಧವಾರ ಅಜ್ಜಿ ಅಮ್ಮನ ಫೋನಿನಿಂದ ಮಾತಾಡಿದಳು.

"ಯಾವಾಗ ಬತ್ತೀಯ?"

"ಭಾನುವಾರ ಬತ್ತೀನಿ ಅಜ್ಜಿ. ಕೆಲಸ ಜಾಸ್ತಿ ಇತ್ತು."

"ಮಾಸೋಗೈತೆ ಕಣೇ. ತೊಟ್ಟಿಲು ಕಾಣ್ತಾನೇ ಇಲ್ಲ."

"ಬಿಸಿಲಿಗೆ ಹಂಗಾಗ್ತದೆ. ಬಂದು ಸರಿ ಮಾಡ್ತೀನಿ."

ಅಜ್ಜಿ ಉಸಿರಾಡುವುದು ಕೇಳಿಸುತ್ತಿತ್ತು.

"ಆದಿಲಕ್ಷ್ಮೀದು ಅರವತ್ತೊಂಬತ್ತು ವರ್ಷದಿಂದ ಬಿಸಿಲಾಗೇ ಐತೆ" ಎಂದಳು.

ಶಶಿಕಲಾ ಎದುರಿನ ಕುರ್ಚಿಯಲ್ಲಿ ಕೂತ ಗಿರಾಕಿಯ ತೋಳಿನಿಂದ ಶಾಯಿ ಒರೆಸುತ್ತಾ, "ಅಜ್ಜಿ, ಕೈಯಾಗೆ ಕೆಲಸ ಐತೆ, ಆಮೇಲೆ ಫೋನ್ ಮಾಡ್ತೀನಿ" ಎಂದಳು. ಆಮೇಲೆ ಮಾಡಲಿಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ ಅಮ್ಮನ ಫೋನ್ ಬಂತು. "ಹೋಗ್ಬುಟ್ಲು ಕಣೇ" ಎಂದಳು, ಅಷ್ಟೇ. ಜೆಲ್ಲು, ಗ್ಲೌಸು, ಮೆಷಿನ್ನು ಎಲ್ಲ ಹಿಂದಿನ ರಾತ್ರಿಯೇ ಬ್ಯಾಗಿಗೆ ತುಂಬಿಟ್ಟಿದ್ದಳು. ಬ್ಯಾಗು ಇಳಿಸುವುದೂ ಹೊಳೆಯದೆ ಹಾಗೇ ಹೊರಟಳು. ಕಾಡಿನ ಬಳಿ ಅರಣ್ಯ ಇಲಾಖೆಯವರು ರಸ್ತೆಗೆ ಅಡ್ಡ ನಿಂತಿದ್ದರು. ಎಂಟು ಆನೆ, ಎರಡು ಮರಿ, ರಾಗಿ ಹೊಲದಿಂದ ವಾಪಸ್ ಹೋಗುತ್ತಿವೆ ಎಂದರು. ಅವಳು ನಲವತ್ತು ನಿಮಿಷ ಎಂಜಿನ್ ಆಫ್ ಮಾಡಿ ನಿಂತಳು. ಪಕ್ಕದ ಕಾರಿನವರು ಫೋಟೋ ತೆಗೆದುಕೊಳ್ಳುತ್ತಿದ್ದರು.

ಅವಳು ಮುಟ್ಟುವ ಹೊತ್ತಿಗೆ ಗುಂಡಿ ತೋಡಲು ಆಳು ಹೋಗಿಯಾಗಿತ್ತು. ಹಿತ್ತಿಲಿನಲ್ಲಿ ಎರಡು ಹಳೆ ಸೀರೆ ಮರೆ ಕಟ್ಟಿ, ಹೆಂಗಸರು ಅಜ್ಜಿಯನ್ನು ಹಲಗೆಯ ಮೇಲೆ ಮಲಗಿಸಿದ್ದರು. ಅಮ್ಮ ಅರಿಶಿನ ಕಲಸುತ್ತಿದ್ದಳು. ಆದಿಲಕ್ಷ್ಮಮ್ಮ ಮೊದಲ ಚೆಂಬು ನೀರು ಹೊಯ್ದಳು. ತಲೆ, ಎದೆ, ಬಲಗೈ. ಎಡಗೈಯ ಮೇಲೆ ಇದ್ದ ಸೆರಗನ್ನು ತೆಗೆದಳು.

ಹಚ್ಚೆ ಇತ್ತು. ಮಾಸಿಹೋಗಿರಲಿಲ್ಲ, ಎದ್ದು ಕಾಣುತ್ತಿತ್ತು. ಆದರೆ ನೀಲಿಯಾಗಿತ್ತು, ಸೊಟ್ಟಗಿತ್ತು. ತುಳಸಿಕಟ್ಟೆಯ ಒಂದು ಪಕ್ಕ ಕುಸಿದಿತ್ತು. ತೊಟ್ಟಿಲು ಮೊರದ ಹಾಗಿತ್ತು. ಚುಕ್ಕಿಗಳು ಕಾಳಿನಷ್ಟು ದಪ್ಪವಿದ್ದವು. ಅದು ತನ್ನ ಕೈಯ ಗೆರೆಯಲ್ಲವೆಂದು ಶಶಿಕಲಾಗೆ ನೋಡಿದ ಕ್ಷಣವೇ ಗೊತ್ತಾಯಿತು.

ಆದಿಲಕ್ಷ್ಮಮ್ಮ ನೀರು ಹೊಯ್ದಳು. ಮೊಣಕೈಯಿಂದ ನೀಲಿ ನೀರು ಇಳಿದು ಹಲಗೆಯ ಮೇಲೆ ಹರಿಯಿತು.

ನೆರೆಮನೆಯವಳೊಬ್ಬಳು ಹಿಂದಕ್ಕೆ ಸರಿದಳು.

"ಏನೇ ಇದು?" ಎಂದಳು ಆದಿಲಕ್ಷ್ಮಮ್ಮ.

"ಪೆನ್ನು" ಎಂದಳು ಅಮ್ಮ. ಅರಿಶಿನ ಕಲಸುವುದನ್ನು ನಿಲ್ಲಿಸಿದಳು. "ಗುರುವಾರ ಅಣ್ಣನ ಜೇಬಿಂದ ಪೆನ್ನು ಇಸ್ಕೊಂಡ್ಲು. ಯಾತಕ್ಕೆ ಅಂದೆ. ಸುಮ್ನೆ ಅಂದ್ಲು. ಅವತ್ತಿಂದ ಸೆರಗಿಂದ ಕೈ ಹೊರಗೆ ತೆಗೀಲೇ ಇಲ್ಲ."

"ಹಚ್ಚೆ ಮೇಲೆ ಪೆನ್ನು ಯಾಕೆ ಗೀಚಿದ್ಲು?"

"ಅದು ಹಚ್ಚೆ ಅಲ್ಲ ಚಿಕ್ಕಜ್ಜಿ" ಎಂದಳು ಶಶಿಕಲಾ. "ನಾನು ಹಾಕಿದ್ದು ಹಚ್ಚೆ ಅಲ್ಲ. ಬಣ್ಣ. ಸೂಜಿ ಹಾಕಿದ್ರೆ ರಕ್ತ ನಿಲ್ತಿರಲಿಲ್ಲ. ಅದಕ್ಕೇ ಬಣ್ಣ ಹಾಕಿ ಸುಳ್ಳು ಹೇಳಿದ್ದೆ. ವಾರಾ ವಾರಾ ಅದನ್ನೇ ಬರೀತಿದ್ದೆ. ಎರಡು ವಾರ ಬರಲಿಲ್ಲ, ಮಾಸೋಯ್ತು."

ಆದಿಲಕ್ಷ್ಮಮ್ಮ ಚೆಂಬನ್ನು ಕೆಳಗಿಟ್ಟಳು. ಹೊಡೆಯುತ್ತಾಳೆಂದು ಶಶಿಕಲಾ ಅಂದುಕೊಂಡಳು. ಹೊಡೆದಿದ್ದರೆ ಚೆನ್ನಾಗಿತ್ತು.

"ಅದನ್ನ ನಂಬ್ಕೊಂಡು ಎಡೆ ಇಟ್ಟವಳೆ ಅವಳು."

"ಹೂಂ."

"ಬ್ಯಾಗಾಗೆ ಮೆಷಿನ್ ಐತಾ?"

"ಐತೆ."

"ತೆಗಿ. ಈಗ್ಯಾವ ಡಾಕ್ಟ್ರೂ ಬರಾಕಿಲ್ಲ ಬ್ಯಾಡ ಅನ್ನಾಕೆ. ನಿಜವಾದ ಸೂಜಿ ಹಾಕಿ ಬರಿ. ಬೇಗ ಬರಿ, ಗಂಡಸರು ಬತ್ತಾರೆ."

"ಹೆಣಕ್ಕೆ ಚುಚ್ಚಬಾರ್ದು ಚಿಕ್ಕಮ್ಮ" ಎಂದಳು ಅಮ್ಮ.

"ಬರಿಗೈಲಿ ಕಳಿಸಬಾರ್ದು" ಎಂದಳು ಆದಿಲಕ್ಷ್ಮಮ್ಮ. "ಅರವತ್ತು ವರ್ಷ ಇವಳನ್ನ ಅಣಕಿಸಿದೋಳು ನಾನು. ನೀವಲ್ಲ. ಬರಿಯೇ."

ಶಶಿಕಲಾ ಬ್ಯಾಗು ತೆಗೆದಳು. ಗ್ಲೌಸು ಹಾಕಿಕೊಂಡಳು. ಹೊಸ ಸೂಜಿಯ ಪ್ಯಾಕೆಟ್ ಹರಿದು ಮೆಷಿನ್ನಿಗೆ ಸಿಕ್ಕಿಸಿದಳು. ಕಲಿತ ಕೆಲಸವಾದ್ದರಿಂದ ಕೈ ತಾನಾಗಿಯೇ ನಡೆಯಿತು. ಹತ್ತಿಗೆ ಸ್ಪಿರಿಟ್ ಹಾಕಿ ತೋಳನ್ನು ಒರೆಸಿದಳು. ನೀಲಿ ಗೆರೆಗಳು ಒಂದೇ ಸಲ ಒರೆಸಿದ್ದಕ್ಕೆ ಹೋದವು. ಕಟ್ಟೆ ಹೋಯಿತು, ತೊಟ್ಟಿಲು ಹೋಯಿತು. ಚುಕ್ಕಿಗಳು ಹೋಗಲಿಲ್ಲ. ಇನ್ನೊಂದು ಸಲ ಒರೆಸಿದಳು. ಶಾಯಿ ಪೂರ್ತಿ ಹತ್ತಿಗೆ ಬಂತು. ಅದರ ಕೆಳಗೆ ಚುಕ್ಕಿಗಳು ನೇರಳೆ ಬಣ್ಣದಲ್ಲಿ ಉಳಿದವು. ಒಂದೊಂದರ ನಡುವೆಯೂ ಸೂಕ್ಷ್ಮವಾದ ಒಂದು ತೂತು, ಅದರಲ್ಲಿ ಒಣಗಿದ ರಕ್ತ.

ಅವಳು ಮೆಷಿನ್ ಕೆಳಗಿಟ್ಟಳು.

"ಯಾಕೆ? ಹೋಗ್ತಾ ಇಲ್ವಾ?" ಆದಿಲಕ್ಷ್ಮಮ್ಮ ಬಗ್ಗಿ ನೋಡಿದಳು.

"ಚುಚ್ಕೊಂಡವಳೆ" ಎಂದಳು ಶಶಿಕಲಾ. "ಪೆನ್ನಿನ ಮುಳ್ಳಲ್ಲಿ. ಒತ್ತಿ ಒತ್ತಿ ಚುಚ್ಚವಳೆ."

ಬಳೆ ತಗುಲಿದರೂ ನೀಲಿಗಟ್ಟುವ ಚರ್ಮ. ಒಂದು ಚುಕ್ಕಿಗೆ ಎಷ್ಟು ನೋವಾಗಿರಬೇಕೆಂದು ಶಶಿಕಲಾಗೆ ಅಂದಾಜಿತ್ತು. ಅದು ಅವಳ ಕಸುಬು. ಯಾವುದನ್ನು ತಪ್ಪಿಸಲೆಂದು ನಾಲ್ಕು ತಿಂಗಳು ಸುಳ್ಳು ಬರೆದಳೋ ಅದನ್ನು ಅಜ್ಜಿ ಸೆರಗಿನ ಕೆಳಗೆ ಕೈ ಬಚ್ಚಿಟ್ಟುಕೊಂಡು ಒಬ್ಬಳೇ ಮಾಡಿಕೊಂಡಿದ್ದಳು. ಪಕ್ಕದಲ್ಲಿ ಹತ್ತಿ ಹಿಡಿದು ಒತ್ತಲು ಯಾರೂ ಇರಲಿಲ್ಲ. ಗುರುವಾರದಿಂದ ಶನಿವಾರದವರೆಗೆ ಅದು ಎಷ್ಟು ಒಸರಿತೋ, ಅವಳನ್ನು ಕೊಂದದ್ದು ಕಾಯಿಲೆಯೋ ಅದೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಶಶಿಕಲಾ ಆ ಹುಣ್ಣುಗಳನ್ನು ಎಣಿಸಲು ಹೋಗಲಿಲ್ಲ.

ಮರೆಯ ಆಚೆಯಿಂದ ಕೆಂಪರಾಜು ಕೂಗಿದ. "ಆಯ್ತೇನ್ರಮ್ಮ? ಬಿಸಿಲೇರ್ತಾ ಐತೆ."

"ಬರೀತೀಯೋ ಇಲ್ವೋ?" ಆದಿಲಕ್ಷ್ಮಮ್ಮನ ದನಿ ಮೊದಲಿನಷ್ಟು ಜೋರಿರಲಿಲ್ಲ.

"ಇಲ್ಲ ಚಿಕ್ಕಜ್ಜಿ. ಇದರ ಮೇಲೆ ನಾನು ಕೈ ಇಡಾಕಿಲ್ಲ."

"ಗೆರೆ ಇಲ್ವಲ್ಲೇ. ಬರೀ ಚುಕ್ಕಿ."

"ಅಷ್ಟೇ ಇರೋದು."

ಆದಿಲಕ್ಷ್ಮಮ್ಮ ಅರಿಶಿನದ ಬಟ್ಟಲನ್ನು ಸರಳಾಳ ಕೈಯಿಂದ ತೆಗೆದುಕೊಂಡು ಅಜ್ಜಿಯ ಮುಖಕ್ಕೆ, ಕತ್ತಿಗೆ, ಬಲಗೈಗೆ ಹಚ್ಚಿದಳು. ಎಡಗೈಗೆ ಬಂದಾಗ ಮಾತ್ರ ಬೆರಳ ತುದಿಯಿಂದ, ಹುಣ್ಣು ತಪ್ಪಿಸಿ, ಮಗುವಿಗೆ ಹಚ್ಚುವ ಹಾಗೆ ಹಚ್ಚಿದಳು. ಸತ್ತವಳಿಗೆ ನೋಯುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಹೊಸ ಸೀರೆ ಉಡಿಸಿದರು. ಗಂಡಸರು ಬಂದು ಎತ್ತಿದರು. ಶಶಿಕಲಾ ಹಿಂದೆ ನಡೆದಳು. ಹೆಂಗಸರು ಎಂದಿನಂತೆ ಊರ ಕೊನೆಯ ಬೋರ್‌ವೆಲ್ಲಿನ ಬಳಿ ನಿಂತರು, ಗಂಡಸರು ಹೊಲದ ಬದುವಿನ ಮೇಲೆ ಮುಂದೆ ಹೋದರು. ಆದಿಲಕ್ಷ್ಮಮ್ಮ ನಿಂತಲ್ಲಿಂದಲೇ, ತಿರುಗಿ ನೋಡದೆ, "ಹನ್ನೊಂದರ ದಿನಕ್ಕೆ ನೀನು ಬರಬ್ಯಾಡ" ಎಂದಳು.

"ಸರಿ" ಎಂದಳು ಶಶಿಕಲಾ.

ಅವಳ ಕೈಯಲ್ಲಿ ಗ್ಲೌಸು ಇನ್ನೂ ಹಾಗೇ ಇತ್ತು. ಅದನ್ನು ಬಿಚ್ಚಿ ಎಲ್ಲಿ ಎಸೆಯಬೇಕೆಂದು ತಿಳಿಯದೆ, ಮುಷ್ಟಿಯಲ್ಲಿ ಹಿಡಿದುಕೊಂಡು ಸ್ಕೂಟರಿನ ಕಡೆಗೆ ನಡೆದಳು.